ಟ್ರಫಲ್ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲೇ ನಿರೂಪಿಸತಕ್ಕದ್ದೆಂದು ಪ್ರಾಚೀನರು ವಿಧಿಸಿರುವುದರಿಂದಲೂ, ಆ ವಿಧಿಯನ್ನು ಲೆಕ್ಕಿಸದ ಪಾಕಪುಸ್ತಕಗಳು 'ಒಂದು ಪಾತ್ರೆ ತೆಗೆದುಕೊಳ್ಳಿ' ಎಂದು ಥಟ್ಟನೆ ತೊಡಗಿ, ಓದುಗನನ್ನು ಪಾತ್ರೆ ಹುಡುಕಲು ಅಟ್ಟಿ, ತಾವು ಮುಂದಿನ ವಾಕ್ಯಕ್ಕೆ ಹೊರಟುಹೋಗುವ ಅವಿನಯವನ್ನು ನಾನು ಕಣ್ಣಾರೆ ಕಂಡಿರುವುದರಿಂದಲೂ, ಆ ನಾಲ್ಕನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ವಿಷಯವು ಮನೆಯಲ್ಲಿ ಮಾಡತಕ್ಕ, ಚಾಕೊಲೇಟಿನ ಹೊದಿಕೆಯುಳ್ಳ, ಟ್ರಫಲ್ ಎಂಬ ಗೋಲಾಕಾರದ ಭಕ್ಷ್ಯ. ಪ್ರಯೋಜನವು ಭಕ್ಷಣ. ವಿಷಯಕ್ಕೂ ಪ್ರಯೋಜನಕ್ಕೂ ಇರುವ ಸಂಬಂಧವು ಅತ್ಯಂತ ಅಲ್ಪಕಾಲಿಕವಾದುದು. ಇನ್ನು ಅಧಿಕಾರಿ, ಎಂದರೆ ಈ ಶಾಸ್ತ್ರಕ್ಕೆ ಅರ್ಹನಾದವನು, ಯಾರೆಂಬ ಪ್ರಶ್ನೆ. ಇಪ್ಪತ್ತೆಂಟು ವರ್ಷಗಳ ದಾಂಪತ್ಯದಲ್ಲಿ ನೀರು ಕುಡಿಯುವುದಕ್ಕಲ್ಲದೆ ಅಡುಗೆಮನೆಯ ಹೊಸ್ತಿಲು ದಾಟದ ನಾನು ಖಂಡಿತ ಅಲ್ಲವೆಂಬುದು ನನ್ನ ಪತ್ನಿಯ ಮತ. ಆ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳವನಾದುದರಿಂದಲೇ ಈ ಪ್ರಬಂಧವು ಹುಟ್ಟಿತು.

ಮೊದಲು ನಾಮವಿಚಾರ. ಟ್ರಫಲಿನಲ್ಲಿ ಟ್ರಫಲ್ ಇಲ್ಲ. ಆ ಹೆಸರು ಮೂಲತಃ ಫ್ರಾನ್ಸಿನ ಪೆರಿಗೋರ್ ಸೀಮೆಯಲ್ಲಿ ಓಕ್ ಮರಗಳ ಬೇರನ್ನು ಆಶ್ರಯಿಸಿ ನೆಲದೊಳಗೆ ಬೆಳೆಯುವ, ಹಂದಿಯ ಅಥವಾ ನಾಯಿಯ ಮೂಗಿನ ಸಹಾಯವಿಲ್ಲದೆ ಮನುಷ್ಯನ ಕೈಗೆ ಸಿಕ್ಕದ, ಕಪ್ಪನೆಯ ಒರಟು ಅಣಬೆಯೊಂದಕ್ಕೆ ಸಲ್ಲತಕ್ಕದ್ದು. ಚಾಕೊಲೇಟಿನ ಉಂಡೆಯನ್ನು ಕೋಕೋ ಪುಡಿಯಲ್ಲಿ ಹೊರಳಿಸಿದಾಗ ಅದು ಆಗತಾನೆ ಮಣ್ಣಿನಿಂದ ಕಿತ್ತ ಆ ಅಣಬೆಯಂತೆಯೇ ತೋರಿದುದರಿಂದ ಹೆಸರು ಇತ್ತ ವಲಸೆ ಬಂದಿತು. ತೊಡಲಾರದ ಕೋಡುಬಳೆಯನ್ನು ಆಕ್ಷೇಪವಿಲ್ಲದೆ ತಿನ್ನುತ್ತ ಬಂದಿರುವ ನಮಗೆ ಇದೊಂದು ಅಡಚಣೆಯಲ್ಲ. ನೆಲದೊಳಗಿನ ಅಣಬೆಯೂ ದಕ್ಷಿಣ ಕನ್ನಡದವರಿಗೆ ಹೊಸದಲ್ಲ. ಮುಂಗಾರಿನ ಮೊದಲ ಮಳೆಗೆ ಗುಡ್ಡದ ಮಣ್ಣಿನಲ್ಲಿ ಹುಟ್ಟುವ, ಗೋಲಿಯಂಥ ಕಲ್ಲಣಬೆಯನ್ನು, ತುಳುವರು ಕಲ್ಲಲಾಂಬು ಎನ್ನುವುದನ್ನು, ಪ್ರತಿ ವರ್ಷವೂ ಕೇಳಿದ ಬೆಲೆ ಕೊಟ್ಟು ತರುವವರು ನಾವು. ಗುಡುಗಿದರೆ ಅದು ಏಳುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಟ್ರಫಲುಗಳು ಗುಡುಗಿನಿಂದ ಹುಟ್ಟುತ್ತವೆಂಬ ನಂಬಿಕೆ ಏಕೆ ಬಂದಿತೆಂದು ಗ್ರೀಕರ ಪ್ಲೂಟಾರ್ಕನೂ ಔತಣಕೂಟದ ಚರ್ಚೆಯೊಂದರಲ್ಲಿ ಗಂಭೀರವಾಗಿ ವಿಚಾರಿಸಿದ್ದಾನೆ. ಎಲೆ ಹಾಕುವುದು ತಡವಾದಾಗ ವಿದ್ವಾಂಸರು ಇಂಥ ಪ್ರಶ್ನೆಗಳನ್ನೆತ್ತುವುದು ಇಂದಿಗೂ ಉಂಟು.

ಇದರಲ್ಲಿಯೇ ಇನ್ನೊಂದು ಗ್ರಂಥಿಯಿದೆ. ಟ್ರಫಲಿನ ಒಳತಿರುಳಾದ ಚಾಕೊಲೇಟು ಮತ್ತು ಕೆನೆಗಳ ಮಿಶ್ರಣಕ್ಕೆ ಫ್ರೆಂಚರು ಗನಾಶ್ ಎನ್ನುತ್ತಾರೆ. ಈ ಶಬ್ದವು ಕಿವಿಗೆ ಬಿದ್ದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಹೊರಗೊಂದು ಕವಚ, ಒಳಗೆ ಮೃದುವಾದ ಹೂರಣ, ಒಂದೇ ತುತ್ತಿಗೆ ಸಲ್ಲುವ ಪರಿಮಾಣ, ಒಂದನ್ನು ತಿಂದವನು ಇಪ್ಪತ್ತೊಂದಕ್ಕೆ ಕೈಚಾಚುವ ಪ್ರಲೋಭನ: ಇಷ್ಟು ಲಕ್ಷಣಗಳು ಕೂಡಿದ ವಸ್ತುವು ಮೋದಕವಲ್ಲದೆ ಮತ್ತೇನು? ಆದುದರಿಂದ ಮೋದಕಪ್ರಿಯನಾದ ಗಣೇಶನ ಹೆಸರೇ ಸಮುದ್ರಯಾನದಲ್ಲಿ ಣಕಾರವು ನಕಾರವಾಗಿ, ಏಕಾರವು ಆಕಾರವಾಗಿ, ಅಂತ್ಯದ ಅಕಾರವು ಲೋಪವಾಗಿ, ಗನಾಶ್ ಎಂದು ಸವೆದಿರಬೇಕೆಂಬ ಸಿದ್ಧಾಂತವನ್ನು ಬೆಳಗಿನ ಕಾಫಿಯ ಹೊತ್ತಿಗೆ ವಿದ್ವತ್ಸಭೆಯ ಮುಂದೆ ಮಂಡಿಸಿದೆನು. ಸಭೆಯೆಂದರೆ ನನ್ನ ಪತ್ನಿ ಮತ್ತು ಮಗಳು. "ಹಾಗಾದ್ರೆ ಬನ್ಸು ಬಂದದ್ದು ಬನಶಂಕರಿಯಿಂದಲಾ?" ಎಂದು ಪತ್ನಿ ಒಂದೇ ವಾಕ್ಯದಲ್ಲಿ ಖಂಡಿಸಿ, ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು. ನಿಘಂಟೂ ಅವಳ ಪಕ್ಷವನ್ನೇ ವಹಿಸಿತು. ಗನಾಶ್ ಎಂದರೆ ಕುದುರೆಯ ಕೆಳದವಡೆ, ಲಕ್ಷಣಾರ್ಥದಲ್ಲಿ ಮಂದಮತಿ. ಬಿಸಿ ಕೆನೆಯನ್ನು ಕೈತಪ್ಪಿ ಚಾಕೊಲೇಟಿನ ಮೇಲೆ ಚೆಲ್ಲಿದ ಶಿಷ್ಯನನ್ನು ಗುರುವು ಹಾಗೆ ಬೈದನೆಂದೂ, ಬೈಗುಳವೇ ಭಕ್ಷ್ಯದ ಹೆಸರಾಗಿ ನಿಂತಿತೆಂದೂ ದಂತಕಥೆ. ಕಥೆ ಹೇಗೇ ಇರಲಿ, ನಮ್ಮ ಮನೆಯಲ್ಲಿ ಅಂದಿನಿಂದ ಆ ಶಬ್ದವು ಎರಡನೆಯ ಅರ್ಥದಲ್ಲಿಯೇ ರೂಢವಾಗಿದೆ.

ದ್ರವ್ಯವಿಚಾರಕ್ಕೆ ಬರೋಣ. ಸ್ವೀಡನ್ನಿನ ಲಿನೇಯಸನು 1753ರಲ್ಲಿ ಕೋಕೋ ಗಿಡಕ್ಕೆ ಶಾಸ್ತ್ರೋಕ್ತ ನಾಮಕರಣ ಮಾಡುವಾಗ ದೇವತೆಗಳ ಆಹಾರವೆಂಬ ಅರ್ಥವುಳ್ಳ ಥಿಯೊಬ್ರೋಮ ಎಂಬ ಹೆಸರಿಟ್ಟನು. ಪುತ್ತೂರಿನ ಆಸುಪಾಸಿನಲ್ಲಿ ಅಡಕೆ ಮರಗಳ ನಡುವಣ ನೆರಳಿನಲ್ಲಿ ಕೋಕೋ ಬೆಳೆಯುವ ನಮ್ಮಂಥವರ ಅನುಭವದಲ್ಲಿ ದೇವತೆಗಳಿಗಿಂತ ಮೊದಲು ಅಳಿಲುಗಳೂ ಮಂಗಗಳೂ ಬಂದು ತಮ್ಮ ಹವಿರ್ಭಾಗವನ್ನು ಸ್ವೀಕರಿಸುತ್ತವೆ; ಕಾಯೊಡೆದು ಬೀಜದ ಮೇಲಿನ ಬಿಳಿಯ ಹುಳಿಸಿಹಿ ತಿರುಳನ್ನು ಚೀಪುವ ಮಕ್ಕಳದು ಎರಡನೆಯ ಸರದಿ; ಉಳಿದ ಹಸಿಬೀಜ ಕ್ಯಾಂಪ್ಕೊಗೆ ಹೋಗುತ್ತದೆ. 1973ರಲ್ಲಿ ಅಡಕೆ ಬೆಳೆಗಾರರ ಸಹಕಾರ ಸಂಸ್ಥೆಯಾಗಿ ಮಂಗಳೂರಿನಲ್ಲಿ ಹುಟ್ಟಿದ ಅದು 1986ರಲ್ಲಿ ಪುತ್ತೂರಿನಲ್ಲಿಯೇ ಚಾಕೊಲೇಟಿನ ಕಾರ್ಖಾನೆ ಕಟ್ಟಿದ ಮೇಲೆ, ತೋಟದಿಂದ ಬುಟ್ಟಿಯಲ್ಲಿ ಹೊರಟ ಬೀಜವು ಹುದುಗಿ, ಒಣಗಿ, ಹುರಿದು, ಅರೆದು, ಬೆಳ್ಳಿಯ ಕಾಗದ ಹೊದ್ದು ಅದೇ ಮನೆಯ ಜಗಲಿಗೆ ಹಿಂದಿರುಗುವ ಪುನರ್ಜನ್ಮವನ್ನು ಪ್ರತ್ಯಕ್ಷ ಕಾಣುವ ಭಾಗ್ಯ ನಮ್ಮದಾಯಿತು.

ಇಷ್ಟಿದ್ದೂ ನನ್ನ ಮೊದಲ ಪ್ರಯೋಗಕ್ಕೆ ಪೇಟೆಯ ಅಂಗಡಿಯವನು ಕೊಟ್ಟದ್ದು ಕಾಂಪೌಂಡ್ ಎಂಬ ಜಾತಿಯ ಚಾಕೊಲೇಟನ್ನು. ಕಾಂಪೌಂಡ್ ಎಂದರೆ ದನ ಒಳಗೆ ಬಾರದಂತೆ ಕಟ್ಟುವ ಗೋಡೆಯೆಂದಷ್ಟೇ ಬಲ್ಲ ನಾನು ಅದನ್ನು ವಿಶ್ವಾಸದಿಂದ ಮನೆಗೆ ತಂದೆನು. ಅದರಲ್ಲಿ ಕೋಕೋ ಬೆಣ್ಣೆಯ ಪೀಠದ ಮೇಲೆ ಬೇರೊಂದು ಸಸ್ಯಜನ್ಯ ಕೊಬ್ಬು ಆರೂಢವಾಗಿರುತ್ತದೆ. ಯಾವ ಹದವನ್ನೂ ಬೇಡದೆ ಗಟ್ಟಿಯಾಗುತ್ತದೆ, ಸೆಕೆಗೆ ಬೇಗ ಬಗ್ಗುವುದಿಲ್ಲ, ಆದರೆ ಬಾಯಲ್ಲಿಟ್ಟರೆ ಅಂಗುಳಕ್ಕೆ ಮೇಣ ಬಳಿದಂತಾಗುತ್ತದೆ. ಗೋಡೆಯೆಂಬ ನನ್ನ ಅರ್ಥವು ಪೂರ್ತಿ ತಪ್ಪಾಗಿರಲಿಲ್ಲ. ಎರಡನೆಯ ಸಲ ಪೊಟ್ಟಣದ ಹಿಂದಿನ ಸಣ್ಣಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ, ಕೋಕೋ ಬೆಣ್ಣೆಯೆಂದು ಬರೆದಿರುವುದನ್ನೇ ತಂದೆನು.

ಪ್ರಮಾಣವೆಂಬ ಶಬ್ದಕ್ಕೆ ತರ್ಕದಲ್ಲಿ ಜ್ಞಾನಸಾಧನವೆಂದೂ ಅಡುಗೆಮನೆಯಲ್ಲಿ ಅಳತೆಯೆಂದೂ ಅರ್ಥವಿರುವುದು ಆಕಸ್ಮಿಕವಲ್ಲ. ಚಾಕೊಲೇಟು 200 ಗ್ರಾಂ, ಕೆನೆ 100 ಗ್ರಾಂ, ಬೆಣ್ಣೆ 20 ಗ್ರಾಂ. ನಮ್ಮ ಅಂಗಡಿಗಳ ಪೊಟ್ಟಣದ ಕೆನೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 25 ಪಾಲು ಮಾತ್ರ ಜಿಡ್ಡಿರುವುದರಿಂದ ಆ ಬೆಣ್ಣೆಯು ವ್ಯರ್ಥ ವಿಶೇಷಣವಲ್ಲ. ಚಾಕೊಲೇಟನ್ನು ಪತ್ನಿ ಮೆಟ್ಟುಕತ್ತಿಯ ಮೇಲೆ ಬೀನ್ಸ್ ಹೆಚ್ಚುವಷ್ಟು ಸಣ್ಣಗೆ ಹೆಚ್ಚಿಕೊಟ್ಟಳು. ಕೆನೆಯು ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳನ್ನೆಬ್ಬಿಸುವವರೆಗೆ ಕಾಯಿಸಿ ಅದರ ಮೇಲೆ ಸುರಿದು, ಎರಡು ನಿಮಿಷ ಕೈಕಟ್ಟಿ ಕುಳಿತು, ಅನಂತರ ನಡುವಿನಿಂದ ಆರಂಭಿಸಿ ಸಣ್ಣ ಸುತ್ತುಗಳಲ್ಲಿ ಕಲಕುತ್ತ ಹೊರಗೆ ಬರಬೇಕು. ಈ ಎರಡು ನಿಮಿಷಗಳ ನಿಷ್ಕ್ರಿಯತೆಯೇ ನನಗೆ ದುಸ್ಸಾಧ್ಯವಾದದ್ದು. ಅವಸರದಿಂದ ಕಲಕಿ, ಬೆಣ್ಣೆಯನ್ನೂ ಕುದಿಯುವಾಗಲೇ ಹಾಕಿದುದರಿಂದ, ಮಿಶ್ರಣವು ಒಡೆದು, ಕಂದುಬಣ್ಣದ ರವೆಯಂತಾಗಿ, ಮೇಲೆ ಎಣ್ಣೆ ತೇಲತೊಡಗಿತು. ನಾನು ಇದನ್ನು ದ್ವೈತವೆಂದು ವ್ಯಾಖ್ಯಾನಿಸುತ್ತಿರುವಾಗಲೇ ಪತ್ನಿ ಒಂದು ಚಮಚ ಉಗುರುಬೆಚ್ಚಗಿನ ಹಾಲನ್ನು ಹನಿಹನಿಯಾಗಿ ಬಿಟ್ಟು ತಿರುವಿದಳು. ನಾಲ್ಕು ಸುತ್ತಿಗೆ ಅದು ಮರಳಿ ಒಂದಾಗಿ ಕನ್ನಡಿಯಂತೆ ಹೊಳೆಯಿತು. ಫ್ರಿಜ್ಜಿನಲ್ಲಿ ಎರಡು ಗಂಟೆ ಕಳೆದ ಮೇಲೆ ಮಗಳು ಅದನ್ನು ಹತ್ತು ಹತ್ತು ಗ್ರಾಮಿನಂತೆ 32 ಉಂಡೆ ಕಟ್ಟಿದಳು. ಅಂಗೈ ಬೆಚ್ಚಗಾದಾಗಲೆಲ್ಲ ತಣ್ಣೀರಿನಲ್ಲಿ ಅದ್ದಿ ಒರೆಸಿಕೊಳ್ಳುತ್ತಿದ್ದಳು. ಉಂಡೆ ಕಟ್ಟುವ ವಿದ್ಯೆ ರವೆಯುಂಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಭಾಗದಲ್ಲಿ ನಾನು ವಿಸ್ತರಿಸುವುದಿಲ್ಲ.

ಇನ್ನು ಈ ಶಾಸ್ತ್ರದ ಅತ್ಯಂತ ದುರ್ಗಮವಾದ ಸ್ಥಳ. ಎಲ್ಲ ಪಾಕಗ್ರಂಥಗಳೂ ಏಕಕಂಠದಿಂದ ವಿಧಿಸುವುದೇನೆಂದರೆ, ಹೊದಿಸಿದ ಟ್ರಫಲುಗಳನ್ನು 'ಕೊಠಡಿಯ ಉಷ್ಣತೆಯಲ್ಲಿ ಇಡಿ' ಎಂದು. ಮೂರೇ ಪದಗಳು, ಸ್ಪಷ್ಟವಾದದ್ದು ಒಂದೂ ಇಲ್ಲ. ಇಡಿ ಎಂಬುದು ಕ್ರಿಯಾಪದವೋ, ಇಡಿಯಾಗಿ ನುಂಗುವುದರ ಸೂಚನೆಯೋ ಎಂಬ ಸಂಶಯವನ್ನು ಸಣ್ಣದೆಂದು ಬಿಟ್ಟರೂ, ಕೊಠಡಿಯೆಂದರೆ ಯಾರ ಕೊಠಡಿ? ಮೊದಲ ಟ್ರಫಲನ್ನು 1895ರ ಡಿಸೆಂಬರಿನಲ್ಲಿ ಆಲ್ಪ್ಸ್ ತಪ್ಪಲಿನ ಶಾಂಬೆರಿ ಪಟ್ಟಣದ ಮಿಠಾಯಿಗಾರ ಲೂಯಿ ದ್ಯುಫೂರನು ಕಟ್ಟಿದನೆಂದು ಪ್ರತೀತಿ. ಅವನ ಕೊಠಡಿಯ ಕಿಟಕಿಯಾಚೆ ಹಿಮವಿದ್ದಿರಬೇಕು. ನಮ್ಮ ಕೊಠಡಿಯ ಕಿಟಕಿಯಾಚೆ ಮೇ ತಿಂಗಳು ಇತ್ತು. ಜಗಲಿಯ ಗೋಡೆಯ ಉಷ್ಣಮಾಪಕವು 34 ಡಿಗ್ರಿ ತೋರಿಸುತ್ತಿತ್ತು.

ಈ ಸಂಖ್ಯೆಯ ಗಾಂಭೀರ್ಯವನ್ನು ಗ್ರಹಿಸಲು ಕೋಕೋ ಬೆಣ್ಣೆಯ ಷಡ್ದರ್ಶನಗಳನ್ನು ತಿಳಿಯಬೇಕು. ಅದು ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದೆಂದು ವಿಲ್ಲೀ ಮತ್ತು ಲಟನ್ ಎಂಬ ವಿಜ್ಞಾನಿಗಳು 1966ರಲ್ಲಿ ವರ್ಗೀಕರಿಸಿದರು. ಮೊದಲನೆಯದು 17 ಡಿಗ್ರಿಗೇ ಕರಗಿಹೋಗುವ ಚಂಚಲಮತಿ. ನಾಲ್ಕನೆಯದರವರೆಗೂ ಇದೇ ದೌರ್ಬಲ್ಯ, ಬೆರಳು ತಾಗಿದರೆ ಮೆತ್ತಗಾಗುವವು. ಹೊಳಪು, ಮುರಿದಾಗ ಟಪ್ಪೆನ್ನುವ ಶಬ್ದ, ನಾಲಗೆಯ ಮೇಲೆ ಒಮ್ಮೆಲೆ ಕರಗುವ ಗುಣ ಇವೆಲ್ಲ ಐದನೆಯ ದರ್ಶನದ ಸಂಪತ್ತು. ಆರನೆಯದು ತಿಂಗಳುಗಟ್ಟಲೆ ಇಟ್ಟ ಚಾಕೊಲೇಟಿಗೆ ತಾನಾಗಿ ಪ್ರಾಪ್ತವಾಗುವ ಸ್ಥಿತಿ. ಆಗ ಮೈಮೇಲೆ ನರೆಯಂತೆ ಬೆಳ್ಳನೆಯ ಛಾಯೆ ಕಾಣುತ್ತದೆ. ಸಾಧಕನು ಕಪ್ಪು ಚಾಕೊಲೇಟನ್ನು 45 ಡಿಗ್ರಿಗೆ ಕರಗಿಸಿ ಹಳೆಯ ವಾಸನೆಗಳನ್ನೆಲ್ಲ ಅಳಿಸಿ, ಕಲಕುತ್ತ 27ಕ್ಕೆ ಇಳಿಸಿ, ಮತ್ತೆ 31ಕ್ಕೆ ಏರಿಸಿದರೆ ಐದನೆಯದೊಂದೇ ಉಳಿಯುತ್ತದೆ. ಅದು ಕರಗುವುದು ಎಷ್ಟಕ್ಕೆಂದರೆ, ಸುಮಾರು 34 ಡಿಗ್ರಿಗೆ.

ಓದುಗರು ಗೋಡೆಯ ಉಷ್ಣಮಾಪಕವನ್ನು ಮರೆತಿರಲಾರರು. 27ಕ್ಕೆ ಇಳಿಸು ಎಂಬ ವಿಧಿಯನ್ನು 34ರ ಕೊಠಡಿಯಲ್ಲಿ ಆಚರಿಸುವುದು, ಬಾವಿಯಲ್ಲಿ ಬಿದ್ದವನಿಗೆ ಮೈ ಒರೆಸಿಕೋ ಎಂದಂತೆ. ಆದರೂ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಯತ್ನಿಸಿದೆನು. ಅಳೆಯುವುದಕ್ಕೆ ಮನೆಯಲ್ಲಿದ್ದದ್ದು ಜ್ವರದ ಥರ್ಮಾಮೀಟರ್. ಅದರ ಗೆರೆಗಳು 35ರಿಂದಲೇ ಆರಂಭವಾಗುವುದರಿಂದ ಅದು ಮೌನವಾಗಿತ್ತು. "ಜ್ವರ ಇಲ್ಲ ಅಪ್ಪಾ, ಮುಂದೆ ಹೋಗಬಹುದು" ಎಂದು ಮಗಳು ವರದಿ ಮಾಡಿದಳು. ಕೊನೆಗೆ ಫ್ರಾನ್ಸಿನ ಕುಶಲಕರ್ಮಿಗಳೂ ಅನುಸರಿಸುವ ತುಟಿಯ ಪರೀಕ್ಷೆಯನ್ನೇ ಆಶ್ರಯಿಸಿದೆವು: ಒಂದು ತೊಟ್ಟನ್ನು ಕೆಳದುಟಿಗೆ ಮುಟ್ಟಿಸಿದಾಗ ಬಿಸಿಯೆನ್ನಿಸದೆ ತುಸು ತಂಪೆನ್ನಿಸಿದರೆ ಹದ ಬಂದಿದೆಯೆಂದರ್ಥ. ಅಂದು ತೀರ್ಮಾನವಾಗುವ ಹೊತ್ತಿಗೆ ಹೊದಿಕೆಗೆಂದು ಕರಗಿಸಿದ್ದರಲ್ಲಿ ಕಾಲು ಪಾಲು ಪರೀಕ್ಷೆಗೇ ವಿನಿಯೋಗವಾಗಿತ್ತು.

ಉಂಡೆಯನ್ನು ಮುಳ್ಳುಚಮಚದ ಮೇಲೆ ಕೂರಿಸಿ, ಚಾಕೊಲೇಟಿನಲ್ಲಿ ಮುಳುಗಿಸಿ ಎತ್ತಿ, ಚಮಚದ ಹಿಡಿಯನ್ನು ಪಾತ್ರೆಯ ಅಂಚಿಗೆ ನಾಲ್ಕು ಬಾರಿ ತಟ್ಟಿ ಹೆಚ್ಚಿನದನ್ನು ಇಳಿಯಬಿಟ್ಟು ಕಾಗದದ ಮೇಲೆ ಜಾರಿಸಬೇಕು. ಫ್ರಿಜ್ಜಿನಿಂದ ಆಗತಾನೆ ತೆಗೆದ ಉಂಡೆಗಳ ಹೊದಿಕೆ ಬಿರಿದು ಕೂದಲೆಳೆಯ ಸೀಳು ಬಿಟ್ಟಿತು, ಒಳಗಿನದು ಬೆಚ್ಚಗಾಗಿ ಹಿಗ್ಗುವಾಗ ಹೊರಗಿನದು ಕುಗ್ಗುವುದರಿಂದ. ಸ್ವಲ್ಪ ಹೊತ್ತು ಹೊರಗಿಟ್ಟವು ಚಮಚದ ಮೇಲೆಯೇ ಕರಗಿ ಪಾತ್ರೆಗೆ ಜಾರಿದವು. ಹೊದಿಸಿ ಗೆದ್ದವನ್ನು ಫ್ರಿಜ್ಜಿಗೆ ಸೇರಿಸಿ ಮರುದಿನ ತೆಗೆದರೆ, ಕರಾವಳಿಯ ತೇವಗಾಳಿ ಅವುಗಳ ಮೇಲೆ ಹನಿಗಟ್ಟಿ, ಆರಿದ ಮೇಲೆ ಸಕ್ಕರೆಯು ಬಿಳಿಯ ಚುಕ್ಕೆಗಳಾಗಿ ಮೇಲೆದ್ದಿತು. ಮಗಳು ಎಲ್ಲವನ್ನೂ ಕೋಕೋ ಪುಡಿಯಲ್ಲಿ ಹೊರಳಿಸಿ ಲೋಪಗಳನ್ನು ಮುಚ್ಚಿದಳು. ಮುಚ್ಚಿದ ಮೇಲೆ ಅವು ಮಣ್ಣಿನಿಂದ ಕಿತ್ತ ಅಣಬೆಗಳಂತೆಯೇ ತೋರಿ, ನಾಮವಿಚಾರದಲ್ಲಿ ನಾನು ಹೇಳಿದ್ದೆಲ್ಲ ಸಿದ್ಧವಾಯಿತು.

ಆದರೆ ಎಂಬತ್ತೆರಡರ ನನ್ನ ತಾಯಿಗೆ ನಾಮವಿಚಾರವನ್ನು ಯಾರೂ ತಿಳಿಸಿರಲಿಲ್ಲ. ತಟ್ಟೆಯಲ್ಲಿದ್ದುದು ಉಪ್ಪು ಬೆರೆಸಿ ಕಟ್ಟಿಟ್ಟ ಹುಣಸೆಹುಳಿಯ ಉಂಡೆಯೆಂದು ತಿಳಿದು, ಒಂದನ್ನು ಸಾರಿಗೆಂದು ನೀರಿನಲ್ಲಿ ನೆನೆಹಾಕಿದರು. "ಈ ವರ್ಷದ ಹುಳಿ ಬೇಗ ಕರಗ್ತದೆ ಮಾರಾಯ್ತಿ" ಎಂದು ಸೊಸೆಗೆ ಹೇಳುವುದೂ ಕೇಳಿಸಿತು. 32ರಲ್ಲಿ ಒಂದರ ಲೆಕ್ಕ ಹಾಗೆ. ಮಿಕ್ಕ 31 ಎರಡು ದಿನಗಳಲ್ಲಿ ಪ್ರಯೋಜನವನ್ನು ಹೊಂದಿದವು.

ಟ್ರಫಲಿನ ವಿಧಾನವನ್ನು ಬರೆಯುವ ಮಹನೀಯರಲ್ಲಿ ನನ್ನ ವಿನಂತಿಯಿಷ್ಟೆ: ಸಾಮಗ್ರಿಗಳ ಪಟ್ಟಿಯಲ್ಲಿ ಚಾಕೊಲೇಟು 200 ಗ್ರಾಂ, ಕೆನೆ 100 ಗ್ರಾಂ, ಬೆಣ್ಣೆ 20 ಗ್ರಾಂ ಎಂದು ಬರೆದ ಮೇಲೆ, ಡಿಸೆಂಬರ್ ಒಂದು ತಿಂಗಳು ಎಂದೂ ಸೇರಿಸಬೇಕು.