ಬಚ್ಚಿಡುವವರು ಬೇಕಾಗಿದ್ದಾರೆ

ಬಚ್ಚಿಡುವ ವಿದ್ಯೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಸಾಸಿವೆ ಡಬ್ಬಿಯಲ್ಲಿ ನೋಟು, ರಾಗಿ ಮೂಟೆಯಲ್ಲಿ ಸರ, ದೇವರ ಪಟದ ಹಿಂದೆ ಬೀರುವಿನ ಕೀಲಿಕೈ. ನಮ್ಮಜ್ಜಿ ಇಟ್ಟ ಕೆಲವು ವಸ್ತುಗಳಂತೂ ಆಕೆಗೇ ಸಿಗದೆ ಮೊಮ್ಮಕ್ಕಳ ಕಾಲಕ್ಕೆ ಹೊರಬಂದವು. ಇಷ್ಟಿದ್ದೂ ನಮ್ಮ ಚಿತ್ರದುರ್ಗದಲ್ಲಿ ಜಿಯೋಕ್ಯಾಶಿಂಗ್‌ಗೆ ಡಬ್ಬಿ ಅಡಗಿಸಿ ಎಂದರೆ ಜನ ಮುಖ ಮುಖ ನೋಡುತ್ತಾರೆ. ಸಿಗಬಾರದೆಂದು ಬಚ್ಚಿಟ್ಟು ರೂಢಿ. ಸಿಗಲಿ ಅಂತ ಬಚ್ಚಿಡುವುದು ಯಾವ ಸೀಮೆಯ ನ್ಯಾಯ?

ಡಬ್ಬಿಯೊಳಗೆ ಪುಟ್ಟ ಪುಸ್ತಕವಿಟ್ಟು ಅಡಗಿಸಿ, ಜಾಗದ ಅಕ್ಷಾಂಶ-ರೇಖಾಂಶ ಸಾರುವುದು. ಬೇರೆಯವರು ಜಿಪಿಎಸ್ ಹಿಡಿದು ಹುಡುಕಿ, ಹೆಸರು ಬರೆದು, ಇದ್ದಲ್ಲೇ ಇಟ್ಟು ಬರುವುದು. ಆಟ ಇಷ್ಟೇ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬಾತ ಆರಿಗನ್‌ನಲ್ಲಿ ಮೊದಲ ಬಕೆಟ್ ಇಟ್ಟ. ಅದರಲ್ಲಿ ಬೀನ್ಸ್ ಡಬ್ಬಿಯೂ ಇತ್ತು. ಈಗ ತಿನ್ನುವ ಪದಾರ್ಥ ಇಡುವಂತಿಲ್ಲ. ಈ ನಿಯಮ ಬರೆದವರು ದುರ್ಗದ ಕೋತಿಗಳನ್ನು ಕಂಡವರೇ ಇರಬೇಕು.

ಹೂಳುವುದೂ ನಿಷಿದ್ಧ. ಒಳ್ಳೆಯದೇ ಆಯಿತು. ನಮ್ಮ ಕಡೆ ಗುದ್ದಲಿ ಹಿಡಿದು ಗುಡ್ಡದತ್ತ ಹೊರಟರೆ ನಿಧಿಗಳ್ಳನೆಂದು ಊರೇ ಬೆನ್ನು ಹತ್ತುತ್ತದೆ. ನೆಲದಲ್ಲಿ ಅಡಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಮಾಲು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ಹೇಳಿತ್ತು. ಡಬ್ಬಿಯಲ್ಲಿ ಒಂದು ಗೋಲಿ, ಒಂದು ರಬ್ಬರು ಇಟ್ಟರೆ ಯಾವ ಕಲೆಕ್ಟರಿಗೂ ತೊಂದರೆಯಿಲ್ಲ.

ಕೋಟೆಯೊಳಗೆ ಬೇಡ, ಅದು ಪುರಾತತ್ವ ಇಲಾಖೆಯ ಸುಪರ್ದಿ. ಅಲ್ಲದೆ ಅಲ್ಲಿ ಕಿಂಡಿಯಲ್ಲಿ ತಲೆ ತೂರಿಸಿದರೆ ಏನಾಗುತ್ತದೆಂದು ಹೈದರಾಲಿಯ ಸೈನಿಕರು ಒನಕೆ ಓಬವ್ವನಿಂದ ಕಲಿತಿದ್ದಾರೆ. ಹೊರಗೇನು ಬಂಡೆಗಳಿಗೆ ಬರವೇ? ಎರಡು ಡಬ್ಬಿಗಳ ನಡುವೆ 161 ಮೀಟರ್ ಅಂತರವಿರಬೇಕು, ಜಾಗದ ಯಜಮಾನರ ಅಪ್ಪಣೆ ಬೇಕು.

ಆ ಅಪ್ಪಣೆಗಾಗಿಯೇ ಗುಡ್ಡದ ಬುಡದಲ್ಲಿ ಹೊಲವಿರುವ ನಿವೃತ್ತ ಮೇಷ್ಟ್ರ ಬಳಿ ಹೋದೆ.

“ಡಬ್ಬಿಯಲ್ಲಿ ಏನಿಡ್ತೀಯಪ್ಪಾ?”

“ಪುಸ್ತಕ, ಸಾರ್.”

“ಹುಡುಕಿದೋರಿಗೆ ಏನು ಸಿಗುತ್ತೆ?”

“ಏನಿಲ್ಲ. ರುಜು ಹಾಕಿ ಹೋಗ್ತಾರೆ.”

“ಸಂಬಳ ಇಲ್ಲದ ಹಾಜರಿ ಪುಸ್ತಕ ಅನ್ನು.” ಮೇಷ್ಟ್ರು ಒಳಗೆ ಇಣುಕಿ ನೋಡಿ ದನಿ ತಗ್ಗಿಸಿದರು. “ಇಟ್ಕೋ ಹೋಗು. ಆ ಹುಣಸೆ ಮರದ ಪೊಟರೆ ಒಂದು ಬಿಟ್ಟು. ಅಲ್ಲಿ ನನ್ನ ನಶ್ಯದ ಡಬ್ಬಿ ಇದೆ. ಮನೆಯೋಳಿಗೆ ಹೇಳ್ಬಿಟ್ಟೀಯಾ!”

ನಿಯಮ ನಿಯಮವೇ. ಹುಣಸೆ ಮರದಿಂದ 161 ಮೀಟರ್ ಅಳೆಯಲು ಹೊರಟೆ.