ಟೀವಿಯ ಹಿಂದೆ ಏನಿದೆ ರಾಯರೇ?

ಟೀವಿ ನೋಡುವುದಕ್ಕಿಂತ ಟೀವಿಗಳನ್ನು ನೋಡುವುದರಲ್ಲೇ ನೇಪರ್‌ವಿಲ್ಲಿನ ರಾಯರಿಗೆ ಆಸಕ್ತಿ. ಷಿಕಾಗೊ ಸುತ್ತಮುತ್ತ ನಾಲ್ಕು ಕನ್ನಡ ಮನೆಗಳಿದ್ದಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಯಾರೇ ಹೊಸ ಸೆಟ್ಟು ಕೊಳ್ಳಲಿ, ಮೊದಲು ಇವರಿಗೆ ಫೋನ್ ಮಾಡಬೇಕು. ಮಾಡದಿದ್ದರೆ ಇವರೇ ಮಾಡುತ್ತಾರೆ. ಸ್ವಂತ ಮನೆಯಲ್ಲಿರುವುದು ಮಾತ್ರ ಹನ್ನೊಂದು ವರ್ಷದ ಹಳೆಯದು. ಮುಂದಿನ ಥ್ಯಾಂಕ್ಸ್‌ಗಿವಿಂಗ್‌ಗೆ ಬೆಲೆ ಇನ್ನೂ ಇಳಿಯುತ್ತದೆ ಎನ್ನುತ್ತಲೇ ಹನ್ನೊಂದು ಥ್ಯಾಂಕ್ಸ್‌ಗಿವಿಂಗ್ ಕಳೆದಿವೆ.

2024ರ ಜನವರಿಯಲ್ಲಿ ಲಾಸ್ ವೇಗಸ್‌ನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಎಲ್‌ಜಿ ಕಂಪನಿ 77 ಇಂಚಿನ ಪಾರದರ್ಶಕ ಟೀವಿ ತೋರಿಸಿದ ದಿನ ರಾಯರಿಗೆ ಊಟ ಸೇರಲಿಲ್ಲ. ಗಾಜಿನಲ್ಲಿ ಚಿತ್ರವೂ ಮೂಡುತ್ತದೆ, ಗಾಜಿನಾಚೆಯೂ ಕಾಣುತ್ತದೆ! ತಂತಿಯಿಲ್ಲದ ರಿಮೋಟನ್ನು 1955ರಲ್ಲೇ ಮಾಡಿದ ಷಿಕಾಗೊದ ಜೆನಿತ್ ಕಂಪನಿ 1990ರ ದಶಕದಲ್ಲಿ ಎಲ್‌ಜಿಯ ಪಾಲಾಯಿತು. ಆ ನಂಟಿನಿಂದ ಎಲ್‌ಜಿ ರಾಯರಿಗೆ ಊರ ಅಳಿಯ.

ಡಿಸೆಂಬರಿನಲ್ಲಿ ಅಳಿಯನ ವರದಕ್ಷಿಣೆ ಗೊತ್ತಾಯಿತು: ಸುಮಾರು 60,000 ಡಾಲರ್.

ರಾಯರು ಎದೆಗುಂದಲಿಲ್ಲ. ಗೋಡೆಗೆ ಬಣ್ಣ ಹೊಡೆಯುವಾಗ ಅಂಚಿಗೆ ಅಂಟಿಸುವ ನೀಲಿ ಟೇಪು ತಂದು, ಹಿತ್ತಿಲ ಕಡೆಯ ಗಾಜಿನ ಬಾಗಿಲ ಮೇಲೆ 67 ಇಂಚು ಅಗಲ, 38 ಇಂಚು ಎತ್ತರದ ಚೌಕಟ್ಟು ಎಳೆದರು. ಸೋಫಾದಲ್ಲಿ ಕೂತು ನೋಡಿದರು. ಹಿಮದಲ್ಲಿ ಹೂತ ಗ್ರಿಲ್ಲು, ಪಕ್ಕದ ಮನೆಯ ಕಸದ ಡಬ್ಬಿ, ಬೇಲಿಯ ಮೇಲೊಂದು ಅಳಿಲು.

"ಇದ್ರಲ್ಲಿ ರಾಜಕುಮಾರ್ ಸಿನಿಮಾ ಹಾಕಿದ್ರೆ ಅಣ್ಣಾವ್ರ ಮೀಸೆಯೊಳಗೆ ಕಸದ ಡಬ್ಬಿ ಕಾಣಲ್ವೇನ್ರೀ?" ಎಂದರು ಮನೆಯಾಕೆ.

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಟೀವಿಯಲ್ಲಿ ಕಪ್ಪು ಎಂದರೆ ಬೆಳಕು ಆರಿದ ಜಾಗ. ಪಾರದರ್ಶಕ ಗಾಜಿನಲ್ಲಿ ಬೆಳಕು ಆರಿದಲ್ಲೆಲ್ಲ ಹಿಂದಿನದು ಇಣುಕುತ್ತದೆ. ಮೀಸೆಯೂ ಅಷ್ಟೇ, ಅಮಾವಾಸ್ಯೆಯ ದೃಶ್ಯವೂ ಅಷ್ಟೇ. ಇದು ಎಲ್‌ಜಿಗೂ ಗೊತ್ತು. ಅದಕ್ಕೇ ಗುಂಡಿ ಒತ್ತಿದರೆ ಬುಡದ ಪೆಟ್ಟಿಗೆಯಿಂದ ಕಪ್ಪು ಪರದೆಯೊಂದು ಸುರುಳಿ ಬಿಚ್ಚಿ ಮೇಲೇರಿ ಗಾಜಿನ ಬೆನ್ನು ಮುಚ್ಚುತ್ತದೆ. ಅಂದರೆ 60,000 ಡಾಲರಿನ ಟೀವಿಯಲ್ಲಿ ಸಿನಿಮಾ ಸರಿಯಾಗಿ ನೋಡಬೇಕಾದರೆ ಅದನ್ನು ಮಾಮೂಲಿ ಟೀವಿ ಮಾಡಿಕೊಳ್ಳಬೇಕು!

ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಕಾರು ಎಂಜಿನಿಯರಾಗಿರುವ ಗೆಳೆಯ ಫೋನಿನಲ್ಲಿ ನಕ್ಕ. ಜನರಲ್ ಮೋಟರ್ಸ್ 1988ರಲ್ಲೇ ಓಲ್ಡ್ಸ್‌ಮೊಬೀಲ್ ಕಟ್ಲಸ್ ಸುಪ್ರೀಮ್ ಕಾರಿನ ಮುಂಗಾಜಿನಲ್ಲಿ ವೇಗದ ಅಂಕಿ ಮೂಡಿಸಿತ್ತಂತೆ. "ಅಲ್ಲಿ ರಸ್ತೆ ಕಾಣ್ಲೇಬೇಕು ರಾಯರೇ. ನಿಮ್ಮನೇಲಿ ಏನು ಕಾಣ್ಬೇಕು ಹೇಳಿ?" 2020ರಲ್ಲಿ ಬೀಜಿಂಗ್, ಷೆನ್‌ಜೆನ್ ಮೆಟ್ರೊ ರೈಲುಗಳ ಕಿಟಕಿಗೆ ಪಾರದರ್ಶಕ ಟೀವಿ ಪರದೆ ಕೂತದ್ದಕ್ಕೂ ಒಂದು ಅರ್ಥವಿದೆ: ಆಚೆ ಏನಾದರೊಂದು ಓಡುತ್ತಿರುತ್ತದೆ. ರಾಯರ ಹಿತ್ತಿಲಲ್ಲಿ ಓಡುವುದು ಆ ಅಳಿಲೊಂದೇ.

ಸೋಲುವ ಪೈಕಿಯಲ್ಲ ರಾಯರು. ಹತ್ತಿರದ ಪ್ಲೇನೊದಲ್ಲಿ ವಾಸ್ತುಶಿಲ್ಪಿ ಮೀಸ್ ವಾನ್ ಡರ್ ರೋ 1951ರಲ್ಲಿ ಮುಗಿಸಿದ ಫಾರ್ನ್ಸ್‌ವರ್ತ್ ಹೌಸ್ ಇದೆಯಲ್ಲ, ಸುತ್ತ ಗಾಜಿನದೇ ಗೋಡೆ. ಮನೆಯೇ ಪಾರದರ್ಶಕ ಆಗಬಹುದಾದರೆ ಟೀವಿ ಏನು ಪಾಪ ಮಾಡಿದೆ ಎಂದರು. ಮನೆಯಾಕೆ ಗೂಗಲ್ ಮಾಡಿ ಓದಿ ಹೇಳಿದರು: ಒಡತಿ ಡಾಕ್ಟರ್ ಈಡಿತ್ ಫಾರ್ನ್ಸ್‌ವರ್ತ್‌ಗೂ ಮೀಸ್‌ಗೂ ಕೋರ್ಟಿನಲ್ಲಿ ಜಗಳ ನಡೆದಿತ್ತು. ಬರುವ ದಾರಿಗೇ ಅಡುಗೆಮನೆ ಕಾಣುತ್ತದೆಂದು ಆಕೆ ಸಿಂಕಿನ ಕೆಳಗೆ ಕಸದ ಡಬ್ಬಿಯನ್ನೇ ಇಡುತ್ತಿರಲಿಲ್ಲ.

ಅಲ್ಲೂ ಕಸದ ಡಬ್ಬಿ! ರಾಯರು ಎರಡು ದಿನ ಮಾತಾಡಲಿಲ್ಲ.

ಮೂರನೆಯ ದಿನ ಹೊಸ ಟೇಪಿನ ಸುರುಳಿ ಬಂತು. ಷಿಯೋಮಿ ಕಂಪನಿ 2020ರಲ್ಲಿ ಚೀನಾದಲ್ಲಿ 49,999 ಯುವಾನ್‌ಗೆ ಮಾರಿದ ಪಾರದರ್ಶಕ ಟೀವಿ 55 ಇಂಚಿನದು. ಆ ಅಳತೆಯೇ ಸಾಕೇನೋ ಎಂದು ಮೊದಲ ಚೌಕಟ್ಟಿನೊಳಗೆ ಇನ್ನೊಂದು ಹುಟ್ಟಿಕೊಂಡಿತು. ಯುಗಾದಿ ಊಟಕ್ಕೆ ಬಂದವರು ನೋಡಿದಾಗ ದೊಡ್ಡ ಚೌಕಟ್ಟಿನ ಮೇಲಂಚಿಗೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಕೂತಿತ್ತು. "ಟೇಪು ಹೇಗೂ ಇತ್ತಲ್ಲ," ಎಂದು ಮನೆಯಾಕೆ ಒಬ್ಬಟ್ಟು ಬಡಿಸಿದರು. ರಾಯರು ಕುರ್ಚಿ ಹತ್ತಿ, ತೋರಣ ಅರ್ಧ ಇಂಚು ಓರೆಯಾಗಿದೆಯೆಂದು ಸರಿಪಡಿಸುತ್ತಿದ್ದರು.