ಅಣ್ಣಾವ್ರು ಬೇಕು ಅಂದ್ರೆ

ನಾಗಪುರದ ಸದರ್‌ನ ನಮ್ಮ ಮನೆ ಟಿ.ವಿ. ಬೆನ್ನಿಗೆ ಮಗ ಒಂದು ಕಡ್ಡಿ ಸಿಕ್ಕಿಸಿ, ರಿಮೋಟಿನಲ್ಲೇ ವೈಫೈ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಕುಟ್ಟಿ, 'ಮೈಕ್ ಗುಂಡಿ ಒತ್ತಿಕೊಂಡೇ ಮಾತಾಡಮ್ಮ' ಅಂತ ಆಫೀಸಿಗೆ ನಡೆದ.

1971ರ 'ಕಸ್ತೂರಿ ನಿವಾಸ' ಕೇಳಿದೆ. ಕಸೂರಿ ಮೇಥಿ ಪರಾಠ ಬಂತು! ಹೊರಗೆ 45 ಡಿಗ್ರಿ, ಒಳಗೆ ಕೂಲರಿನ ಭೋರ್ಗರೆತ. ಪಾಪ, ಅದಕ್ಕಾದರೂ ಏನು ಕೇಳಿಸೀತು? ಕೂಲರ್ ಆರಿಸಿ, ಬೆವರೊರೆಸಿಕೊಂಡು 'ರಾಜ್‌ಕುಮಾರ್' ಅಂದೆ. ರಾಜ್‌ಕುಮಾರ್ ರಾವ್ ಹಲ್ಲು ಕಿರಿದ.

'ಮೊದಲು ಆ ಕೂಲರ್ ಹಾಕೇ' ಅಂದರು ಇವರು. ಇವರಿಗೆ ಗುಂಡಿ ಒತ್ತಿದರೂ ನನ್ನ ಮಾತು ಕೇಳಿಸದು, ಆ ಮಾತು ಬೇರೆ.

ಕೊನೆಗೆ ಪಕ್ಕದ್ಮನೆ ಮರಾಠಿ ಹುಡುಗ ಬಂದು 'ಕಸ್ತೂರಿ ನಿವಾಸ್' ಅಂತ ಬಾಲ ಕತ್ತರಿಸಿ ಹೇಳಿದ. ತಗೋ, ಪಾರಿವಾಳದ ಸಮೇತ ಅಣ್ಣಾವ್ರು ಹಾಜರ್!